ದಂಡಿಯ ಗಾಲಿ, ಕನ್ನಡದ ದಾರಿ

ಸಾಹಿತ್ಯದ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಬರೆದ ಕವಿತೆಯಲ್ಲಿ ಬೇರೆಯವರ ಸಾಲಿನ ನೆರಳು ಕಂಡರೆ ಮೇಷ್ಟ್ರು ಹುಬ್ಬೇರಿಸುತ್ತಾರೆ. ಅದೇ ವಿದ್ಯಾರ್ಥಿ ಪಕ್ಕದ ಕಂಪ್ಯೂಟರ್ ಲ್ಯಾಬಿಗೆ ಹೋಗಿ, ಪದಗಳನ್ನು ಅಕಾರಾದಿಯಾಗಿ ಜೋಡಿಸುವ ಪ್ರೋಗ್ರಾಮನ್ನು ತಾನೇ ಮೊದಲಿನಿಂದ ಬರೆದರೆ ಅಲ್ಲಿನ ಮೇಷ್ಟ್ರೂ ಹುಬ್ಬೇರಿಸುತ್ತಾರೆ: ‘ಲೈಬ್ರರಿ ಇದೆಯಲ್ಲಪ್ಪ, ಅದನ್ನು ಬಳಸು. ಗಾಲಿಯನ್ನು ಮತ್ತೆ ಯಾಕೆ ಕಂಡುಹಿಡಿಯುತ್ತೀಯ?’ ಒಂದೇ ಕಟ್ಟಡದಲ್ಲಿ, ಒಂದೇ ಗೋಡೆಯ ಆಚೆ ಈಚೆ, ಎರಡು ತದ್ವಿರುದ್ಧ ನೀತಿಪಾಠಗಳು. ಇಲ್ಲಿ ಎರವಲು ತಂದದ್ದು ಕಳಪೆ, ಅಲ್ಲಿ ಸ್ವಂತ ಮಾಡಿದ್ದು ಕಳಪೆ.

ಲ್ಯಾಬಿನವರು ಹೇಳುವ ಲೈಬ್ರರಿ ಪುಸ್ತಕಗಳ ಮನೆಯಲ್ಲ. ಒಬ್ಬರು ಬರೆದು, ಹಲವರು ತಿದ್ದಿ, ಮಿಕ್ಕವರು ತಮ್ಮ ಪ್ರೋಗ್ರಾಮಿನೊಳಗೆ ಕರೆದುಕೊಳ್ಳಲೆಂದು ಕಟ್ಟಿಟ್ಟ ಕೋಡಿನ ಗಂಟು ಅದು. ದಿನಾಂಕದ ಲೆಕ್ಕಕ್ಕೆ ಒಂದು ಗಂಟು, ಚಿತ್ರ ತೆರೆಯುವುದಕ್ಕೆ ಒಂದು, ಪರದೆಯ ಮೇಲೆ ಅಕ್ಷರ ಮೂಡಿಸುವುದಕ್ಕೆ ಇನ್ನೊಂದು. ಇವತ್ತು ಯಾವ ತಂತ್ರಾಂಶವನ್ನು ಬಿಚ್ಚಿ ನೋಡಿದರೂ ಅದನ್ನು ಬರೆದವರ ಸ್ವಂತ ಸಾಲುಗಳಿಗಿಂತ ಹೀಗೆ ಕರೆಸಿಕೊಂಡವರ ಸಾಲುಗಳೇ ಹೆಚ್ಚಿರುತ್ತವೆ. ಪ್ರೋಗ್ರಾಮರುಗಳಿಗೆ ಇದರಲ್ಲಿ ನಾಚಿಕೆಯಿಲ್ಲ. ಸಾಹಿತ್ಯದವರಿಗೆ ಇದು ಕೇಳಲು ಮುಜುಗರ.

ನನಗೆ ಈ ಎರಡೂ ನೀತಿಪಾಠಗಳು ಅರ್ಧರ್ಧ ಸತ್ಯ ಅನ್ನಿಸುತ್ತವೆ. ಎರವಲು ತರಬೇಕೋ ಬೇಡವೋ ಎಂಬುದು ಸುಲಭದ ಪ್ರಶ್ನೆ. ತರಲೇಬೇಕು, ಎಲ್ಲರೂ ತಂದಿದ್ದಾರೆ. ತಂದದ್ದು ಎಲ್ಲಿಗೆ ಮುಗಿಯುತ್ತದೆ, ನಾವೇ ಮಾಡಬೇಕಾದದ್ದು ಎಲ್ಲಿಂದ ಶುರುವಾಗುತ್ತದೆ ಎಂಬ ಗೆರೆಯನ್ನು ಕಾಣುವುದು ಕಷ್ಟದ ಕೆಲಸ. ಆ ಗೆರೆಯನ್ನು ಎಳೆಯುವುದು ಹೇಗೆಂದು ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥವೇ ತೋರಿಸಿಕೊಟ್ಟಿದೆ. ಹನ್ನೊಂದು ಶತಮಾನಗಳ ಮೇಲೆ ಕಂಪ್ಯೂಟರಿಗೆ ಕನ್ನಡ ಕಲಿಸಲು ಹೊರಟವರು ಆ ಪಾಠವನ್ನು ಕೆಲವೊಮ್ಮೆ ನೆನಪಿಟ್ಟುಕೊಂಡರು, ಬಹಳ ಸಲ ಮರೆತರು. ಈ ಬರಹ ಆ ನೆನಪು ಮತ್ತು ಮರೆವಿನ ಬಗ್ಗೆ.

ಕವಿರಾಜಮಾರ್ಗ 9ನೇ ಶತಮಾನದ್ದು, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಸ್ಥಾನದ್ದು. ಬರೆದವನು ಶ್ರೀವಿಜಯ ಎಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಅವನ ಮುಂದೆ ಸಂಸ್ಕೃತದಲ್ಲಿ ದಂಡಿಯ ಕಾವ್ಯಾದರ್ಶವಿತ್ತು. ಕಾವ್ಯದ ಗುಣವೇನು, ದೋಷವೇನು, ಅಲಂಕಾರಗಳೆಷ್ಟು ಎಂಬುದನ್ನೆಲ್ಲ ವಿಂಗಡಿಸಿ, ಹೆಸರಿಟ್ಟು, ಉದಾಹರಣೆ ಸಮೇತ ಜೋಡಿಸಿಟ್ಟ ಗ್ರಂಥ. ಶ್ರೀವಿಜಯ ಅದನ್ನು ಧಾರಾಳವಾಗಿ ಬಳಸಿಕೊಂಡ. ಎಷ್ಟು ಧಾರಾಳವಾಗಿ ಎಂದರೆ, ಕವಿರಾಜಮಾರ್ಗ ದಂಡಿಯ ಅನುವಾದವಷ್ಟೇ ಎಂಬ ತಾತ್ಸಾರದ ಮಾತನ್ನು ಈಗಲೂ ಅಲ್ಲಲ್ಲಿ ಕೇಳುತ್ತೇವೆ. ಆದರೆ ಅವನು ಏನನ್ನು ತಂದ, ಏನನ್ನು ಬಿಟ್ಟ ಎಂದು ಪಕ್ಕದಲ್ಲಿಟ್ಟು ನೋಡಿದರೆ ಮೂರು ಬೇರೆ ಬೇರೆ ಬಗೆಯ ಕೆಲಸಗಳು ಕಾಣುತ್ತವೆ.

ಮೊದಲನೆಯದು, ಇದ್ದದ್ದನ್ನು ಇದ್ದಂತೆ ತಂದದ್ದು. ಉಪಮೆ, ರೂಪಕ, ದೀಪಕದಂಥ ಅರ್ಥಾಲಂಕಾರಗಳ ಚರ್ಚೆಯಲ್ಲಿ ಅವನು ಹೆಚ್ಚಾಗಿ ದಂಡಿಯ ಹೆಜ್ಜೆಯಲ್ಲೇ ನಡೆಯುತ್ತಾನೆ. ಮುಖವನ್ನು ಚಂದ್ರನಿಗೆ ಹೋಲಿಸುವ ಕ್ರಿಯೆ ಸಂಸ್ಕೃತದಲ್ಲೂ ಕನ್ನಡದಲ್ಲೂ ಒಂದೇ ರೀತಿ ನಡೆಯುತ್ತದೆ. ಅದಕ್ಕೆ ಹೊಸ ಶಾಸ್ತ್ರ ಬೇಕಿಲ್ಲ. ಎರಡನೆಯದು, ತಂದದ್ದನ್ನು ಹೊಂದಿಸಿಕೊಂಡದ್ದು. ದಂಡಿ ವೈದರ್ಭ, ಗೌಡ ಎಂಬ ಎರಡು ಮಾರ್ಗಗಳನ್ನು ಹೇಳುತ್ತಾನೆ. ಶ್ರೀವಿಜಯ ಆ ಜೋಡಿಯನ್ನು ಉಳಿಸಿಕೊಂಡು, ಒಳಗಿನ ಹೂರಣ ಬದಲಿಸಿ, ಕನ್ನಡದ ದಕ್ಷಿಣ ಮಾರ್ಗ ಮತ್ತು ಉತ್ತರ ಮಾರ್ಗಗಳ ಮಾತಾಡುತ್ತಾನೆ. ಪೆಟ್ಟಿಗೆ ಅದೇ, ಒಳಗಿನ ಧಾನ್ಯ ಬೇರೆ.

ಮೂರನೆಯದು, ದಂಡಿಯಲ್ಲಿ ಇಲ್ಲದ್ದನ್ನು ತಾನೇ ಬರೆದದ್ದು. ಪದ್ಯದ ಪ್ರತಿ ಪಾದದಲ್ಲೂ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಪ್ರಾಸದ ಕಟ್ಟು ಕನ್ನಡದ್ದು, ಸಂಸ್ಕೃತ ಅದನ್ನು ಕೇಳುವುದಿಲ್ಲ. ಅದಕ್ಕಾಗಿ ಶ್ರೀವಿಜಯ ಬಿಡಿಸಿ ಬಿಡಿಸಿ ಬರೆಯುತ್ತಾನೆ. ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ಒಂದೇ ಸಮಾಸದಲ್ಲಿ ಹೊಲಿಯುವ ಅರಿಸಮಾಸದ ಬಗ್ಗೆ, ಕಾದ ಹಾಲಿಗೆ ಮಜ್ಜಿಗೆ ಹನಿ ಬಿದ್ದ ಹಾಗೆ ಎಂದು ಎಚ್ಚರಿಸುತ್ತಾನೆ. ಕಾವೇರಿಯಿಂದ ಗೋದಾವರಿಯವರೆಗೆ ಎಂದು ನಾಡಿನ ಎಲ್ಲೆ ಹೇಳುತ್ತಾನೆ. ದಂಡಿಯನ್ನು ಎಷ್ಟು ಸಲ ತಿರುವಿ ಹಾಕಿದರೂ ಇವು ಸಿಗುವುದಿಲ್ಲ. ನನ್ನ ಓದಿನಲ್ಲಿ ಕವಿರಾಜಮಾರ್ಗ ದೊಡ್ಡದಾಗಿರುವುದು ಈ ಮೂರನೆಯ ಭಾಗದಿಂದ. ಅಲಂಕಾರಶಾಸ್ತ್ರವನ್ನೇ ಮೊದಲಿನಿಂದ ಕಟ್ಟಲು ಹೊರಟಿದ್ದರೆ ಅವನ ಆಯುಷ್ಯ ಉಪಮೆಯ ವಿಂಗಡಣೆಯಲ್ಲೇ ಕಳೆದು, ಪ್ರಾಸದ ಮಾತಿಗೆ ಅವನು ಬರುತ್ತಲೇ ಇರಲಿಲ್ಲ. ದಂಡಿಯ ಗಾಲಿಯಿತ್ತು, ಆದ್ದರಿಂದ ಕನ್ನಡದ ದಾರಿಯನ್ನು ನೋಡಲು ಬಿಡುವಾಯಿತು.

ಇದ್ದಂತೆ ತರುವುದು, ಹೊಂದಿಸುವುದು, ಇಲ್ಲದ್ದನ್ನು ಬರೆಯುವುದು. ಈ ಮೂರನ್ನು ಕೈಯಲ್ಲಿ ಹಿಡಿದುಕೊಂಡು 20ನೇ ಶತಮಾನದ ಕೊನೆಗೆ, ಕಂಪ್ಯೂಟರಿನಲ್ಲಿ ಕನ್ನಡ ಮೂಡಿದ ಕಾಲಕ್ಕೆ ಬರೋಣ. ಅಲ್ಲಿ ಏನಾಯಿತೆಂದು ಹೇಳಲು ನನಗೆ ನಮ್ಮ ದೋಣಿಗಲ್ಲಿನ ರೈಲು ಹಳಿಯಷ್ಟು ಒಳ್ಳೆಯ ಹೋಲಿಕೆ ಬೇರೆ ಸಿಗುತ್ತಿಲ್ಲ.

ಸಕಲೇಶಪುರ ದಾಟಿ ಸುಬ್ರಹ್ಮಣ್ಯದ ಕಡೆಗೆ ಘಟ್ಟ ಇಳಿಯುವ ರೈಲಿಗೆ ದೋಣಿಗಲ್ ಮೊದಲ ನಿಲ್ದಾಣ. ಇಲ್ಲಿಂದ ಮುಂದೆ 57 ಸುರಂಗಗಳು, ಒಂದರ ಹಿಂದೊಂದು ಸೇತುವೆಗಳು, 50 ಅಡಿ ಮುಂದೆ ಹೋದರೆ 1 ಅಡಿ ಇಳಿಯುವ ಕಡಿದಾದ ಇಳಿಜಾರು. ಹಾಸನ–ಮಂಗಳೂರು ಮಾರ್ಗ 1979ರಲ್ಲಿ ಪೂರ್ತಿಯಾದಾಗ ಹಾಕಿದ್ದು ಮೀಟರ್ ಗೇಜ್ ಹಳಿ: ಎರಡು ಕಂಬಿಗಳ ನಡುವೆ 1000 ಮಿಲಿಮೀಟರ್. ಬ್ರಾಡ್ ಗೇಜ್‌ಗೆ 1676 ಬೇಕು. ದೇಶದ ಮುಖ್ಯ ಹಳಿಗಳು ಬ್ರಾಡ್ ಗೇಜ್ ಆಗುತ್ತಾ ಹೋದಂತೆ ನಮ್ಮ ಹಳಿ ಒಂಟಿಯಾಯಿತು. ಅದನ್ನು ಬದಲಿಸಲು ತೊಂಬತ್ತರ ದಶಕದ ನಡುವಿನಲ್ಲಿ ರೈಲು ನಿಲ್ಲಿಸಿದರು. ಪ್ರಯಾಣಿಕರ ರೈಲು ಮತ್ತೆ ಘಟ್ಟ ಇಳಿದದ್ದು 2007ರ ಡಿಸೆಂಬರಿನಲ್ಲಿ. ಒಂದು ತಲೆಮಾರಿನ ಹುಡುಗರು ಈ ಊರುಗಳಲ್ಲಿ ರೈಲನ್ನೇ ನೋಡದೆ ಹೈಸ್ಕೂಲು ಮುಗಿಸಿದರು. ಗುಡ್ಡ ಅದೇ, ಕಣಿವೆ ಅದೇ, ಇಳಿಜಾರು ಅದೇ. ಎರಡು ಕಂಬಿಗಳ ನಡುವಿನ 676 ಮಿಲಿಮೀಟರಿನ ವ್ಯತ್ಯಾಸಕ್ಕೆ ತೆತ್ತ ಬೆಲೆ ಹತ್ತಕ್ಕೂ ಹೆಚ್ಚು ವರ್ಷ.

ತೊಂಬತ್ತರ ದಶಕದ ಕನ್ನಡ ಫಾಂಟುಗಳದ್ದೂ ಗೇಜಿನ ಕತೆಯೇ. ಆಗ ಒಂದು ಫಾಂಟಿನಲ್ಲಿ ಹೆಚ್ಚೆಂದರೆ 256 ಮನೆಗಳು. ಕನ್ನಡದ ಅಕ್ಷರ, ಗುಣಿತದ ಕೊಂಬು, ಒತ್ತಕ್ಷರಗಳನ್ನೆಲ್ಲ ತುಂಡು ತುಂಡು ಮಾಡಿ, ಇಂಗ್ಲಿಷ್ ಅಕ್ಷರಗಳಿಗೆಂದು ಮಾಡಿದ ಆ ಮನೆಗಳಲ್ಲಿ ಕೂರಿಸುತ್ತಿದ್ದರು. ಯಾವ ತುಂಡು ಯಾವ ಮನೆಯಲ್ಲಿ ಎಂಬುದು ಅವರವರ ಇಷ್ಟ. ಶ್ರೀಲಿಪಿಗೆ ಒಂದು ಲೆಕ್ಕ, ಆಕೃತಿಗೆ ಇನ್ನೊಂದು, ಪ್ರಕಾಶಕಕ್ಕೆ ಮತ್ತೊಂದು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಕಂಪ್ಯೂಟರಿಗೆ ಮಾತ್ರ ಇದೆಲ್ಲ ಕನ್ನಡವೆಂದು ಗೊತ್ತೇ ಇರಲಿಲ್ಲ. ನುಡಿಯಲ್ಲಿ ಹೊಡೆದ ‘ಕನ್ನಡ’ ಎಂಬ ಪದವನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ನಡುವೆ ಇಂಗ್ಲೆಂಡಿನ ಪೌಂಡ್ ಚಿಹ್ನೆ ಕುಳಿತಿರುವುದನ್ನು ನೋಡದ ಕನ್ನಡ ವಿದ್ಯಾರ್ಥಿ ಇರಲಾರ.

ಇಲ್ಲಿ ನಿಜವಾಗಿ ಕಳೆದುಹೋಗುತ್ತಿರುವುದು ಏನೆಂದು ಹೇಳಬೇಕು. ಮಲೆನಾಡಿನ ಕಾಲೇಜುಗಳಲ್ಲಿ ಜನಪದ ಗೀತೆ ಸಂಗ್ರಹಿಸಿ ಮಾಡಿದ ಎಂ.ಫಿಲ್ ಪ್ರಬಂಧಗಳು, ಊರಿನ ಸ್ಮರಣ ಸಂಚಿಕೆಗಳು, ನಿಂತುಹೋದ ಸಣ್ಣ ಪತ್ರಿಕೆಗಳ ಕಡತಗಳು ಇಂಥ ಫಾಂಟುಗಳಲ್ಲೇ ಉಳಿದಿವೆ. ಅವುಗಳಲ್ಲಿ ಒಂದು ಪದ ಹುಡುಕಲು ಬರುವುದಿಲ್ಲ. ಇವತ್ತಿನ ಯೂನಿಕೋಡಿಗೆ ತರುವುದೂ ಪದಕ್ಕೆ ಪದ ಬದಲಿಸುವಷ್ಟು ಸರಳವಲ್ಲ. ‘ಗದ್ದೆ’ ಎಂಬ ಪದವನ್ನೇ ನೋಡಿ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮ: ಗ, ಆಮೇಲೆ ದೆ, ಕೊನೆಗೆ ಕೆಳಗಿನ ದ ಒತ್ತು. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ: ಗ, ದ, ವಿರಾಮ, ದ, ಕೊನೆಗೆ ಎತ್ವ. ‘ಸೂರ್ಯ’ದಲ್ಲಿ ಅರ್ಕಾವತ್ತು ಕಣ್ಣಿಗೆ ಯಕಾರದ ನಂತರ ಕಾಣುತ್ತದೆ, ಆದರೆ ರಕಾರ ಉಚ್ಚಾರದಲ್ಲಿ ಮೊದಲು. ಪರಿವರ್ತಕ ತಂತ್ರಾಂಶ ಇದನ್ನೆಲ್ಲ ಹಿಂದುಮುಂದು ಮಾಡಿ ಜೋಡಿಸಬೇಕು. ಒಂದೊಂದು ಫಾಂಟಿಗೆ ಒಂದೊಂದು ಪಟ್ಟಿ. ಎಷ್ಟು ಗೇಜೋ ಅಷ್ಟು ಸಲ ಹಳಿ ಕೀಳುವ ಕೆಲಸ.

ಹಾಗೆಂದು ಆ ಕಾಲದವರನ್ನು ದೂರುವುದು ಅನ್ಯಾಯ. ಕರೆದರೆ ಬರುವ ಲೈಬ್ರರಿಗಳು ಆಗ ಇರಲಿಲ್ಲ. ಇಲ್ಲದಿದ್ದಾಗ ಗಾಲಿ ಮಾಡಿದವರನ್ನು ಮತ್ತೆ ಮಾಡಿದರೆಂದು ಹಳಿಯಬಾರದು. ಆ ಕಾಲದ ಒಂದು ಕೆಲಸವಂತೂ ಶ್ರೀವಿಜಯನ ಮೂರು ಬಗೆಗೂ ಮಾದರಿಯಾಗಿದೆ: ಕೆ.ಪಿ. ರಾವ್ ಅವರ ಕೀಲಿಮಣೆ. ಕನ್ನಡಕ್ಕೆ ಬೇರೆಯದೇ ಕೀಲಿಮಣೆ ಬೇಕೆಂದು ಅವರು ಹಟ ಹಿಡಿಯಲಿಲ್ಲ. ಅಂಗಡಿಯಲ್ಲಿ ಸಿಗುವ ಇಂಗ್ಲಿಷ್ ಕೀಲಿಮಣೆಯನ್ನು ಇದ್ದಂತೆ ತೆಗೆದುಕೊಂಡರು. ‘ಕೆ’ ಕೀಲಿಗೆ ಕ, ಶಿಫ್ಟ್ ಒತ್ತಿದರೆ ಖ ಎಂದು ಧ್ವನಿಗೆ ಧ್ವನಿ ಹೊಂದಿಸಿದರು. ಇಂಗ್ಲಿಷಿನಲ್ಲಿ ಇಲ್ಲದ್ದು ಒತ್ತಕ್ಷರ. ಅದಕ್ಕೆ ‘ಎಫ್’ ಕೀಲಿಯನ್ನು ಕೊಂಡಿಯಾಗಿ ಮೀಸಲಿಟ್ಟರು. ನೂರಾರು ಒತ್ತಕ್ಷರಗಳು ಆ ಒಂದು ಕೊಂಡಿಯಿಂದ ಹುಟ್ಟುತ್ತವೆ. ಸ್ವಂತದ್ದು ಎಷ್ಟು ಸಣ್ಣದು, ಎಷ್ಟು ಸರಿಯಾದ ಜಾಗದಲ್ಲಿದೆ ನೋಡಿ. ಸರ್ಕಾರ ಒಪ್ಪಿದ ವಿನ್ಯಾಸದ ಬುಡ ಇದೇ. ಮುಂದೆ ವಿಕಿಪೀಡಿಯದಂಥ ತಾಣಗಳ ಬೆರಳಚ್ಚು ಸಲಕರಣೆಯಲ್ಲೂ ಈ ವಿನ್ಯಾಸವೇ ಸೇರಿತು. ಎರವಲು ತಂದು ಕಟ್ಟಿದ್ದನ್ನು ಬೇರೆಯವರು ಎರವಲು ಒಯ್ದರು.

ಹಾಸನ ಜಿಲ್ಲೆಗೂ ಈ ಕತೆಯಲ್ಲಿ ಪಾಲಿದೆ. ನಮ್ಮ ನೆರೆಯ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಒತ್ತಾಸೆಯಿಂದ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಬಂದ ‘ಕುವೆಂಪು ಕನ್ನಡ ತಂತ್ರಾಂಶ’ವನ್ನು ಕಟ್ಟಿದವರು ಹಾಸನದ ತಂತ್ರಜ್ಞರು. ಕನ್ನಡ ಉಳಿಯಬೇಕಾದರೆ ಕಂಪ್ಯೂಟರಿನಲ್ಲಿ ಉಳಿಯಬೇಕು ಎಂದು ಸಾಹಿತಿಗಳ ಪೈಕಿ ಅಷ್ಟು ಮೊದಲೇ, ಅಷ್ಟು ಗಟ್ಟಿಯಾಗಿ ಹೇಳಿದವರು ಕಡಿಮೆ. ಆ ಕಾಳಜಿ ದೊಡ್ಡದು. ಆದರೂ ವಿಮರ್ಶಕನಾಗಿ ನನಗೆ ಒಂದು ಮಾತು ಕಾಡುತ್ತದೆ. ಪ್ರತಿಯೊಂದು ಕನ್ನಡ ತಂತ್ರಾಂಶವೂ ತನ್ನದೇ ಫಾಂಟು, ತನ್ನದೇ ಬರೆಯುವ ಪರದೆ, ತನ್ನದೇ ಪರಿವರ್ತಕ ಎಂದು ಬುಡದಿಂದ ತುದಿವರೆಗೆ ಕಟ್ಟುತ್ತಾ ಹೋದಾಗ, ಒಂದರ ಶ್ರಮ ಇನ್ನೊಂದಕ್ಕೆ ದಕ್ಕುವ ದಾರಿ ಮುಚ್ಚಿತ್ತು. ಕೋಡನ್ನು ಬಿಚ್ಚಿಡದೆ ಹೋದದ್ದರಿಂದ, ಒಂದು ತಂತ್ರಾಂಶ ನಿಂತಾಗ ಅದರೊಳಗಿನ ಕನ್ನಡದ ತಿಳಿವಳಿಕೆಯೂ ಅಲ್ಲೇ ನಿಂತಿತು.

ವಿಚಿತ್ರವೆಂದರೆ, ಲೇಖಕರಾಗಿ ತೇಜಸ್ವಿ ಇದಕ್ಕೆ ತದ್ವಿರುದ್ಧವಾದ ದಾರಿಯನ್ನು ತುಳಿದಿದ್ದರು. ಅವರ ‘ಕಾಡಿನ ಕತೆಗಳು’ ಕೆನೆತ್ ಆಂಡರ್ಸನ್ನನ ಶಿಕಾರಿ ಅನುಭವಗಳಿಂದ ಬಂದವು. ‘ಮಹಾಪಲಾಯನ’ಕ್ಕೆ ಸ್ಲಾವೊಮಿರ್ ರಾವಿಜ್‌ನ ಪುಸ್ತಕ ಆಧಾರ. ಪ್ರದೀಪ ಕೆಂಜಿಗೆಯವರ ಜೊತೆ ಸೇರಿ ಬರೆದ ‘ಪ್ಯಾಪಿಲಾನ್’ ಹೆನ್ರಿ ಷಾರಿಯೇರನದು. ಮೂಲದವರ ಹೆಸರನ್ನು ಅವರು ಮುಚ್ಚಿಡಲಿಲ್ಲ, ಸ್ವಂತ ಕಲ್ಪನೆಯೆಂದು ಬೀಗಲೂ ಇಲ್ಲ. ನರಭಕ್ಷಕನ ಹೆಜ್ಜೆ, ಮಚಾನಿನ ರಾತ್ರಿ, ಗುಂಡಿನ ಗುರಿ ಎಲ್ಲವನ್ನೂ ಇದ್ದಂತೆ ತಂದರು. ಆದರೆ ಹೇಳುವ ದನಿ ಮಾತ್ರ ಮಲೆನಾಡಿನ ಜಗಲಿಯದು, ಪಟ್ಟಾಂಗ ಹೊಡೆಯುವವನದು. ಓದುಗ ಆಂಡರ್ಸನ್ನನನ್ನು ಮರೆತು ತೇಜಸ್ವಿಯನ್ನು ಕೇಳಿಸಿಕೊಳ್ಳುತ್ತಾನೆ. ಸಾವಿರಾರು ಹುಡುಗರಿಗೆ ಓದಿನ ರುಚಿ ಹತ್ತಿದ್ದು ‘ಸ್ವಂತದ್ದಲ್ಲದ’ ಈ ಪುಸ್ತಕಗಳಿಂದ. ತೇಜಸ್ವಿ ಇವುಗಳನ್ನು ಬರೆಯದೆ ಹೋಗಿದ್ದರೆ ‘ಕರ್ವಾಲೊ’ದ ಕೀರ್ತಿಗೇನೂ ಕೊರತೆಯಾಗುತ್ತಿರಲಿಲ್ಲ, ನಿಜ. ಕನ್ನಡದ ಓದುಗರ ಸಂಖ್ಯೆಗೆ ಆಗುತ್ತಿತ್ತು.

ಶ್ರೀವಿಜಯನ ಮೂರು ಬಗೆಗಳೂ ಒಂದೇ ಕಡೆ ಹದವಾಗಿ ಕೂಡಿರುವುದನ್ನು ನೋಡಬೇಕಾದರೆ ಈಚಿನ ‘ಅಲರ್’ ಎಂಬ ಕನ್ನಡ–ಇಂಗ್ಲಿಷ್ ಅಂತರ್ಜಾಲ ನಿಘಂಟನ್ನು ತೆರೆಯಬೇಕು. ಅದನ್ನು ನಾನು ಒಂದು ಕೃತಿಯೆಂದೇ ಓದುತ್ತೇನೆ. ವಿ. ಕೃಷ್ಣ ಎಂಬ ಒಬ್ಬರೇ ವ್ಯಕ್ತಿ ದಶಕಗಟ್ಟಲೆ ಕೂತು ಕೂಡಿಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು, 2 ಲಕ್ಷ 40 ಸಾವಿರಕ್ಕೂ ಹೆಚ್ಚು ಅರ್ಥಗಳು ಅದರಲ್ಲಿವೆ. 2019ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು, ಬರೀ ನೋಡಲಿಕ್ಕಲ್ಲ, ದತ್ತಾಂಶವನ್ನೇ ಇಳಿಸಿಕೊಂಡು ಬಳಸಲಿಕ್ಕೆ. ಅದನ್ನು ಅಂತರ್ಜಾಲಕ್ಕೆ ತಂದವರು ಕೈಲಾಶ್ ನಾಥ್. ಅವರು ಮೊದಲೇ ಮಲಯಾಳಕ್ಕೆ ‘ಓಳಂ’ ಎಂಬ ನಿಘಂಟು ನಡೆಸುತ್ತಿದ್ದವರು. ಆ ಅನುಭವದ ಮೇಲೆಯೇ ಕನ್ನಡದ್ದು ನಿಂತಿತು.

ಹುಡುಕುವ ಭಾಗವಂತೂ ಒಂದು ವಂಶಾವಳಿ. ಬಳಕೆದಾರ ಪದವನ್ನು ತಪ್ಪು ಕಾಗುಣಿತದಲ್ಲಿ ಹೊಡೆದರೂ ಸರಿಯಾದ ಪದ ಸಿಗಬೇಕು; ಅದಕ್ಕೆ ಪದವನ್ನು ಅದರ ಧ್ವನಿಯ ಅಂದಾಜಿಗೆ ಇಳಿಸುವ ವಿಧಾನ ಬೇಕು. 20ನೇ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಜನರ ಹೆಸರುಗಳನ್ನು ಹುಡುಕಲು ಸೌಂಡೆಕ್ಸ್ ಎಂಬ ವಿಧಾನ ಬಂತು. 1990ರಲ್ಲಿ ಅದೇ ಆಲೋಚನೆಯನ್ನು ಮುಂದುವರಿಸಿದ ಮೆಟಾಫೋನ್ ಬಂತು. ಆ ಜಾಡಿನಲ್ಲಿ ಕೈಲಾಶ್ ಮಲಯಾಳಕ್ಕೆ ಎಂಎಲ್‌ಫೋನ್ ಬರೆದರು, ಅದನ್ನು ತಿದ್ದಿ ಕನ್ನಡಕ್ಕೆ ಕೆಎನ್‌ಫೋನ್ ಮಾಡಿದರು. ಪ್ರತಿ ಪದಕ್ಕೂ ಅದು ಮೂರು ಕೀಲಿಗಳನ್ನು ಕೊಡುತ್ತದೆ: ಒಂದು ಸಡಿಲ, ಒಂದು ಮಧ್ಯಮ, ಒಂದು ಬಿಗಿ. ವ್ಯಾಸನಿಂದ ಪಂಪನಿಗೆ, ಪಂಪನಿಂದ ಮುಂದಕ್ಕೆ ಭಾರತದ ಕತೆ ಹರಿದುಬಂದದ್ದನ್ನು ನಾವು ಪರಂಪರೆ ಎನ್ನುತ್ತೇವೆ. ಸೌಂಡೆಕ್ಸಿನಿಂದ ಕೆಎನ್‌ಫೋನಿನವರೆಗಿನದಕ್ಕೂ ಅದೇ ಹೆಸರು ಸಲ್ಲಬೇಕು. ಯಂತ್ರದ ಭಾಗ ಹೀಗೆ ದೇಶ, ಭಾಷೆ ದಾಟಿ ಬಂತು. ಒಂದೂವರೆ ಲಕ್ಷ ಕನ್ನಡ ಪದಗಳನ್ನು ಮಾತ್ರ ಯಾವ ಲೈಬ್ರರಿಯೂ ಕೊಡಲಾರದು. ಅದಕ್ಕೆ ಒಬ್ಬ ಮನುಷ್ಯನ ಆಯುಷ್ಯವೇ ಬೇಕಾಯಿತು. ಗೆರೆ ಎಲ್ಲಿ ಬೀಳಬೇಕೋ ಅಲ್ಲೇ ಬಿದ್ದಿದೆ.

ಇಷ್ಟು ಹೇಳಿದ ಮೇಲೆ ಲ್ಯಾಬಿನ ಮೇಷ್ಟ್ರ ಪಕ್ಷವೇ ಗೆದ್ದಂತೆ ಕಾಣಬಹುದು. ಅವರ ಪಾಠದ ಅಪಾಯವನ್ನೂ ನೋಡೋಣ. 2016ರ ಮಾರ್ಚಿನಲ್ಲಿ ಲೆಫ್ಟ್‌ಪ್ಯಾಡ್ ಎಂಬ ಪುಟ್ಟ ಲೈಬ್ರರಿಯನ್ನು ಅದರ ಕರ್ತೃ ಜಾಲದಿಂದ ಹಿಂತೆಗೆದುಕೊಂಡ. ಅದರಲ್ಲಿದ್ದದ್ದು 11 ಸಾಲು. ಪದದ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಅದನ್ನು ನೆಚ್ಚಿದ್ದ ಸಾವಿರಾರು ಪ್ರಾಜೆಕ್ಟುಗಳು ಕೆಲ ಹೊತ್ತು ಮುಗ್ಗರಿಸಿದವು. 2024ರ ಮಾರ್ಚಿನಲ್ಲಿ ಇನ್ನೂ ಕೆಟ್ಟದ್ದು ಬಯಲಾಯಿತು. ಲಿನಕ್ಸ್ ಯಂತ್ರಗಳಲ್ಲೆಲ್ಲ ಇರುವ ಎಕ್ಸ್‌ಝಡ್ ಎಂಬ ಲೈಬ್ರರಿಯನ್ನು ಬಹುಮಟ್ಟಿಗೆ ಒಬ್ಬನೇ ಸ್ವಯಂಸೇವಕ ದಣಿದು ನೋಡಿಕೊಳ್ಳುತ್ತಿದ್ದ. ಸಹಾಯದ ಹೆಸರಿನಲ್ಲಿ ಒಳಬಂದ ಯಾರೋ ಅದರೊಳಗೆ ಕಳ್ಳಬಾಗಿಲು ಇಟ್ಟಿದ್ದರು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿದ್ದರಿಂದ ಅದು ಸಿಕ್ಕಿಬಿತ್ತು. ಲೋಕವೆಲ್ಲ ಬಳಸುತ್ತಿತ್ತು, ನೋಡುತ್ತಿದ್ದವರು ಮಾತ್ರ ಇಲ್ಲ.

ಮಲೆನಾಡಿನಲ್ಲಿ ನಾಟಿಯ ಕಾಲಕ್ಕೆ ಮುಯ್ಯಾಳು ಎಂಬ ಪದ್ಧತಿಯಿತ್ತು. ನನ್ನ ಗದ್ದೆಯ ನಾಟಿಗೆ ನೀನು ಬಾ, ನಿನ್ನ ಗದ್ದೆಗೆ ನಾನು ಬರುತ್ತೇನೆ. ದುಡ್ಡಿನ ಮಾತಿಲ್ಲ, ಕಾಗದವಿಲ್ಲ, ಆದರೆ ಲೆಕ್ಕ ಎಲ್ಲರ ತಲೆಯಲ್ಲೂ ಇರುತ್ತಿತ್ತು. ಕರೆಸಿಕೊಂಡು ತಿರುಗಿ ಹೋಗದವನ ಗದ್ದೆಗೆ ಮುಂದಿನ ವರ್ಷ ಯಾರೂ ಇಳಿಯುತ್ತಿರಲಿಲ್ಲ. ಮುಕ್ತ ತಂತ್ರಾಂಶದ ಲೈಬ್ರರಿಗಳು ನಡೆಯುವುದು ಇದೇ ನಂಬಿಕೆಯ ಮೇಲೆ. ಲೈಬ್ರರಿ ಬಳಸು ಎನ್ನುವ ಮೇಷ್ಟ್ರು ಮುಯ್ಯಿ ತೀರಿಸುವ ಪಾಠವನ್ನೂ ಅದೇ ತರಗತಿಯಲ್ಲಿ ಮಾಡಬೇಕು. ದೋಷ ಕಂಡರೆ ವರದಿ ಮಾಡುವುದು, ತಿದ್ದಿದ್ದನ್ನು ಮೂಲಕ್ಕೆ ಮರಳಿಸುವುದು, ನಮ್ಮ ಭಾಷೆಗೆ ಬೇಕಾದದ್ದನ್ನು ವಿವರಿಸಿ ಬರೆಯುವುದು, ಇವೇ ಆ ಮುಯ್ಯಿ.

ಕನ್ನಡದ ಮಟ್ಟಿಗೆ ಈ ಲೆಕ್ಕ ಹೇಗಿದೆ? ನಮ್ಮ ಫೋನಿನಲ್ಲಿ, ಬ್ರೌಸರಿನಲ್ಲಿ ಕನ್ನಡದ ಒತ್ತಕ್ಷರ ಸರಿಯಾದ ಜಾಗಕ್ಕೆ ಹೋಗಿ ಕೂರುವುದು ಬಹುಪಾಲು ಹಾರ್ಫ್‌ಬಜ್ ಎಂಬ ಲೈಬ್ರರಿಯಿಂದ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲವೂ ಅದನ್ನೇ ಕರೆಯುತ್ತವೆ. ಅದರ ಮುಖ್ಯ ಕರ್ತೃ ಇರಾನ್ ಮೂಲದ ಬೆಹದಾದ್ ಎಸ್ಫಾಬೋದ್. ಹೆಸರು ಪಾರ್ಸಿಯದು, ಹರ್ಫ್ ಎಂದರೆ ಅಕ್ಷರ. ಸೂರ್ಯನ ಅರ್ಕಾವತ್ತನ್ನು ಎಲ್ಲಿಡಬೇಕೆಂದು ಆ ಕೋಡಿಗೆ ಗೊತ್ತಿದೆ. ನಾವು ಬರೆಯದ ಕೋಡು ನಮ್ಮ ಕಾಗುಣಿತವನ್ನು ಕಾಯುತ್ತಿದೆ.

ಆದರೆ ನಾವು ಹೋಗಿ ಹೇಳದಿದ್ದ ಕಡೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. ಒಂದು ಪದದಲ್ಲಿ ಓದುಗನ ಕಣ್ಣಿಗೆ ಎಷ್ಟು ಅಕ್ಷರ ಎಂದು ಎಣಿಸಲು ಯೂನಿಕೋಡ್ ನಿಯಮ ಕೊಡುತ್ತದೆ, ಲೈಬ್ರರಿಗಳು ಅದನ್ನು ಪಾಲಿಸುತ್ತವೆ. ‘ಗದ್ದೆ’ಯಲ್ಲಿ ನಮಗೆ ಕಾಣುವುದು ಎರಡು ಅಕ್ಷರ, ಗ ಮತ್ತು ದ್ದೆ. 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಡೆಯದೆ ಒಂದಾಗಿ ಎಣಿಸುವ ನಿಯಮವನ್ನು ಸೇರಿಸಿದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಲಿಪಿಗಳು ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. ಹಾಗಾಗಿ ಆ ನಿಯಮದಂತೆ ಇದೇ ಪದ ತೆಲುಗು ಲಿಪಿಯಲ್ಲಿ ಎರಡು, ಕನ್ನಡ ಲಿಪಿಯಲ್ಲಿ ಗ, ದ್, ದೆ ಎಂದು ಮೂರು. ಪದಬಂಧ ಆಟ ಬರೆಯುವ, ಛಂದಸ್ಸು ಎಣಿಸುವ ಪ್ರೋಗ್ರಾಮ್ ಬರೆಯುವ ವಿದ್ಯಾರ್ಥಿ ಲೈಬ್ರರಿಯನ್ನು ಕಣ್ಣುಮುಚ್ಚಿ ನಂಬಿದರೆ ಲೆಕ್ಕ ತಪ್ಪುತ್ತದೆ. ತಾನೇ ಎಲ್ಲವನ್ನೂ ಬರೆದರೆ ಅವನ ಒಂದು ಪ್ರೋಗ್ರಾಮ್ ಮಾತ್ರ ಸರಿಹೋಗುತ್ತದೆ. ನಿಯಮವನ್ನೇ ತಿದ್ದಿಸಿದರೆ ಜಗತ್ತಿನ ಎಲ್ಲ ಪ್ರೋಗ್ರಾಮುಗಳಲ್ಲೂ ಕನ್ನಡ ಸರಿಹೋಗುತ್ತದೆ.

ಇನ್ನೊಂದು ಉದಾಹರಣೆಯನ್ನು ತಿದ್ದಲೂ ಬರುವುದಿಲ್ಲ. ಹಳಗನ್ನಡದ ೞ ಅಕ್ಷರವನ್ನು ಬಿ.ಎ. ಓದುವಾಗಲೇ ನೋಡಿರುತ್ತೇವೆ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣ ಬರೆಯುವಾಗ ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಎರವಲು ಪಡೆದ. ಆದರೆ ಸಂಸ್ಕೃತದಲ್ಲಿ ಇಲ್ಲದ ಈ ೞಕ್ಕೆ ಬಂದಾಗ ನಿಂತು, ಯಾವ ಯಾವ ಪದಗಳಲ್ಲಿ ಅದು ಬರುತ್ತದೆ ಎಂದು ಪಟ್ಟಿಯನ್ನೇ ಕೊಟ್ಟ. ಅವನಿಗೆ ಗೆರೆ ಕಂಡಿತ್ತು. ಯೂನಿಕೋಡಿನಲ್ಲಿ ಇದೇ ಅಕ್ಷರಕ್ಕೆ ಇಂಗ್ಲಿಷಿನ ಎಫ್ ಧ್ವನಿಯ ‘ಫ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ಕಟ್ಟಳೆ. ಇದು ತಪ್ಪು ಹೆಸರು ಎಂಬ ಟಿಪ್ಪಣಿ ಪಕ್ಕದಲ್ಲಿದೆ, ಹೆಸರು ಹಾಗೆಯೇ ಇದೆ. ಆ ಪಟ್ಟಿ ಸಿದ್ಧವಾಗುವ ಹೊತ್ತಿಗೆ ಹಳಗನ್ನಡ ಬಲ್ಲ ಒಬ್ಬರ ಕಣ್ಣು ಅದರ ಮೇಲೆ ಬಿದ್ದಿದ್ದರೆ ಸಾಕಿತ್ತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲೇ ಕೆಲಸವಿದೆ. ಓಲೆಗರಿಗಳನ್ನು ಪಕ್ಕ ಪಕ್ಕ ಇಟ್ಟು, ಲಿಪಿಕಾರನ ತಪ್ಪು ಯಾವುದು, ಕವಿಯ ಪಾಠ ಯಾವುದು ಎಂದು ಬೇರ್ಪಡಿಸುವ ವಿದ್ಯೆಯನ್ನು ಡಿ.ಎಲ್. ನರಸಿಂಹಾಚಾರ್ಯರಂಥವರು ಕನ್ನಡದಲ್ಲಿ ಶಾಸ್ತ್ರವಾಗಿ ಬೆಳೆಸಿದರು. ಲೈಬ್ರರಿಯ ದೋಷವನ್ನು ಹುಡುಕಿ, ಉದಾಹರಣೆ ಸಮೇತ ವರದಿ ಬರೆಯುವುದು ಅದೇ ವಿದ್ಯೆಯ ಇನ್ನೊಂದು ಶಾಖೆ. ಅದಕ್ಕೆ ಕೋಡ್ ಬರೆಯಲು ಬರಬೇಕೆಂದೇನೂ ಇಲ್ಲ. ಅರ್ಕಾವತ್ತು ಎಲ್ಲಿ ಬರಬೇಕು, ಎಲ್ಲಿ ಬರಬಾರದು, ಅರಿಸಮಾಸ ಯಾವುದು, ಪ್ರಾಸದಲ್ಲಿ ಯಾವ ಅಕ್ಷರ ಯಾವುದಕ್ಕೆ ಸಲ್ಲುತ್ತದೆ ಎಂಬುದು ತಿಳಿದಿರಬೇಕು. ಕಂಪ್ಯೂಟರ್ ಲ್ಯಾಬಿನಲ್ಲಿ ಅದು ತಿಳಿದವರು ಕಡಿಮೆ; ಕನ್ನಡ ವಿಭಾಗದಲ್ಲಿ ಹೆಚ್ಚು.

ಕಲಿಯುವವರು ಗಾಲಿ ಮಾಡಲೇಬಾರದೆ? ಮಾಡಬೇಕು. ಷಟ್ಪದಿಯಲ್ಲಿ ನಾಲ್ಕು ಪದ್ಯ ಹೆಣೆದು ನೋಡದವನಿಗೆ ಕುಮಾರವ್ಯಾಸನ ಓಟ ಪೂರ್ತಿ ಹಿಡಿಯುವುದಿಲ್ಲ. ಅಕಾರಾದಿಯಾಗಿ ಪದ ಜೋಡಿಸುವ ಪ್ರೋಗ್ರಾಮನ್ನು ಒಮ್ಮೆ ಕೈಯಾರೆ ಬರೆದು ನೋಡಿದವನಿಗೆ ಕ್ಷ ಎಲ್ಲಿ ಬರಬೇಕು, ಅನುಸ್ವಾರ ಎಲ್ಲಿ ಬರಬೇಕು ಎಂಬ ತಲೆನೋವು ಗೊತ್ತಾಗುತ್ತದೆ. ಆಮೇಲೆ ಲೈಬ್ರರಿಯನ್ನು ಅವನು ಗೌರವದಿಂದಲೂ ಅನುಮಾನದಿಂದಲೂ ಬಳಸುತ್ತಾನೆ. ಅಭ್ಯಾಸಕ್ಕೆ ಮಾಡಿದ ಗಾಲಿಯನ್ನು ಅಂಗಳದಲ್ಲಿಡಬಹುದು. ಊರಿಗೆ ಹೋಗುವ ಗಾಡಿಗೆ ಹತ್ತು ಜನ ಓಡಿಸಿ ನೋಡಿದ ಗಾಲಿಯೇ ಲೇಸು.

ನನ್ನ ಪಾಲಿಗೆ ಒಂದು ಕನ್ನಡ ತಂತ್ರಾಂಶವನ್ನು ಅಳೆಯುವ ಪ್ರಶ್ನೆ ಈಗ ಬದಲಾಗಿದೆ. ಇದನ್ನು ಪೂರ್ತಿ ನಾವೇ ಕಟ್ಟಿದೆವು ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಯಾವುದನ್ನು ಕಟ್ಟುವ ಅಗತ್ಯವಿರಲಿಲ್ಲ ಎಂದು ಕೇಳುತ್ತೇನೆ. ಎಲ್ಲವೂ ಸಿದ್ಧ ಸಿಕ್ಕಿತು, ಜೋಡಿಸಿದೆವಷ್ಟೆ ಎಂದರೆ, ಅದರಲ್ಲಿ ೞ ಎಲ್ಲಿದೆ, ಪ್ರಾಸ ಎಲ್ಲಿದೆ, ಮುಯ್ಯಿ ತೀರಿಸಿದ್ದೀರಾ ಎಂದು ಕೇಳುತ್ತೇನೆ. ಕಾವ್ಯಾದರ್ಶವನ್ನು ಪಕ್ಕದಲ್ಲಿಟ್ಟುಕೊಂಡು ಬರೆಯಲು ಕುಳಿತ ಶ್ರೀವಿಜಯ ಈ ಎರಡು ಪ್ರಶ್ನೆಗಳಿಗೂ ತಡವರಿಸದೆ ಉತ್ತರ ಕೊಡುತ್ತಿದ್ದ.